ವಿರಾಟ್ ಒಡೆದು ಇಷ್ಟು ವರ್ಷವಾದರೂ ಅಪ್ಪನ ತಲೆಯಿಂದ ಹೋಗಿಲ್ಲ. ಅದರ ಒಂದು ತುಂಡಾದರೂ ಎಲ್ಲಿ ಸಿಗಬಹುದು?

ಕುಮಟಾದ ಮಗಳು
ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ನೇವಿಯಲ್ಲಿದ್ದವರು. 1984ರಲ್ಲಿ ಸೇರಿದರು. ಒಡಿಶಾದ ಚಿಲ್ಕಾದಲ್ಲಿ ತರಬೇತಿ, ಆಮೇಲೆ ಲೋನಾವಾಲಾದಲ್ಲಿ ಇಂಜಿನ್ ಕೆಲಸ ಕಲಿತರು. ಎರಡು ಸಲ ಸೇರಿ ಏಳು ವರ್ಷ ಐಎನ್‌ಎಸ್ ವಿರಾಟ್ ಎಂಬ ವಿಮಾನವಾಹಕ ಹಡಗಿನ ಬಾಯ್ಲರ್ ರೂಮಿನಲ್ಲಿದ್ದರು. ಬೇರೆ ಹಡಗುಗಳಲ್ಲೂ ಇದ್ದರು, ಆದರೆ ಮಾತಿಗೆ ಬರುವುದು ವಿರಾಟ್ ಒಂದೇ.

2020ರ ಸೆಪ್ಟೆಂಬರ್‌ನಲ್ಲಿ ವಿರಾಟನ್ನು ಒಡೆಯಲಿಕ್ಕೆ ಗುಜರಾತಿನ ಅಲಂಗ್ ಕಡಲತೀರಕ್ಕೆ ಎಳೆದು ತಂದದ್ದನ್ನು ಟೀವಿಯಲ್ಲಿ ತೋರಿಸಿದರು. ಅಪ್ಪ ಅರ್ಧ ಊಟಕ್ಕೇ ಎದ್ದು ಕೈ ತೊಳೆದು ಹಿತ್ತಿಲಿಗೆ ಹೋದರು. ಕತ್ತಲಾಗುವವರೆಗೂ ಒಳಗೆ ಬರಲಿಲ್ಲ. ಮರುವರ್ಷ ನಮ್ಮ ಮನೆಯ ಮೇಲಿನ ಅಂತಸ್ತು ಕಟ್ಟಿಸುತ್ತಿದ್ದೆವು. ಕಬ್ಬಿಣದ ಸರಳು ತಂದ ಲಾರಿ ಡ್ರೈವರನ್ನು ನಿಲ್ಲಿಸಿ ಅಪ್ಪ ಕೇಳಿದರು, "ಇದು ಎಲ್ಲಿಂದ ಬಂದದ್ದು? ಗುಜರಾತಿಂದ ಏನಾದ್ರೂ ಬಂತಾ?" ಅವನಿಗೆ ಏನೂ ಗೊತ್ತಿರಲಿಲ್ಲ. ಈಗಲೂ ಎಲ್ಲಾದರೂ ಕಟ್ಟಡ ಏಳುತ್ತಿದ್ದರೆ ಸರಳನ್ನು ಮುಟ್ಟಿ ನೋಡುತ್ತಾರೆ.

ಅಮ್ಮ "ಬಿಡಿ ಸಾಕು" ಎನ್ನುತ್ತಾಳೆ. ನನಗೆ ಬಿಡಲಾಗುತ್ತಿಲ್ಲ. ಆ ಹಡಗಿನ ಒಂದು ಬೋಲ್ಟು, ಒಂದು ಹಿತ್ತಾಳೆ ಫಲಕ, ಏನಾದರೂ ಸಿಗುತ್ತದಾ? ಗೊತ್ತಿದ್ದವರು ಹೇಳಿ.

ತದಡಿ ದೋಣಿ
ಓದಿ ಹೊಟ್ಟೆ ಹಿಂಡಿದ ಹಾಗಾಯಿತು ತಂಗಿ. ನಮ್ಮ ಅಜ್ಜನ ಹಳೆ ಮರದ ದೋಣಿ ಒಡೆದಾಗ ಅದರ ಹಲಗೆಯಲ್ಲಿ ಒಂದು ಬೆಂಚು ಮಾಡಿಸಿದ್ದೆವು. ಜಗಲಿಯಲ್ಲಿ ಇಂದಿಗೂ ಇದೆ. ಅದರ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ.

ಲೆಕ್ಕದ ಮೇಷ್ಟ್ರು
ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ನಿಮ್ಮ ತಂದೆಯ ದುಃಖ ನಿಜ. ಆದರೆ ಹಡಗನ್ನು ಉಳಿಸಬೇಕಿತ್ತು ಅನ್ನುವ ಮಾತು ಇಲ್ಲಿ ಬಂದೇ ಬರುತ್ತದೆ, ಅದಕ್ಕೆ ಮೊದಲೇ ಲೆಕ್ಕ ಇಡುತ್ತೇನೆ. ವಿರಾಟ್ ಗುಜರಿಗೆ ಹೋದದ್ದು 38.54 ಕೋಟಿಗೆ. ಅದನ್ನು ಸಿಂಧುದುರ್ಗದ ನಿವತಿ ಹತ್ತಿರ ಮ್ಯೂಸಿಯಂ ಮಾಡುವುದಕ್ಕೆ 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಒಪ್ಪಿಗೆ ಕೊಟ್ಟಿತ್ತು, ಅಂದಾಜು ವೆಚ್ಚ 852 ಕೋಟಿ. ಕೊಟ್ಟವರು ಯಾರು? ಯಾರೂ ಇಲ್ಲ. 226 ಮೀಟರ್ ಉದ್ದದ ಹಡಗು ಉಪ್ಪುನೀರಿನಲ್ಲಿ ನಿಂತರೆ ದಿನವೂ ತುಕ್ಕು ತಿನ್ನುತ್ತದೆ. ಅಷ್ಟು ದುಡ್ಡಲ್ಲಿ ಎಷ್ಟು ಶಾಲೆಗೆ ಸೂರು ಹಾಕಬಹುದು, ಯೋಚಿಸಿ.

ಡೆಕ್ ಮೇಲಿನ ಕೊಡವ
ಮೇಷ್ಟ್ರೇ, ನಿಮ್ಮ ಲೆಕ್ಕ ತಪ್ಪಲ್ಲ. ಆದರೆ ಆ ಹುಡುಗಿ ಹಡಗು ಉಳಿಸಿ ಅಂತ ಕೇಳಲೇ ಇಲ್ಲ. ಒಂದು ಬೋಲ್ಟು ಕೇಳಿದ್ದಾಳೆ.

ನಾನು ಹಳೆಯ ವಿಮಾನವಾಹಕ ಹಡಗು ವಿಕ್ರಾಂತ್‌ನಲ್ಲಿದ್ದವನು. ಡೆಕ್ ಮೇಲೆ ವಿಮಾನ ನೂಕುವ, ಕಟ್ಟುವ ಕೆಲಸ. ನೆಲದ ಮೇಲಿರುವವರಿಗೆ ಒಂದು ವಿಷಯ ಹೇಳಬೇಕು. ಹಡಗಿನಲ್ಲಿ ಗಾಳಿ ತಳ್ಳುವ ಫ್ಯಾನುಗಳು ಹಗಲು ರಾತ್ರಿ ಓಡುತ್ತವೆ. ಆ ಸದ್ದು ಕಿವಿಗೆ ಎಷ್ಟು ಒಗ್ಗಿರುತ್ತದೆ ಎಂದರೆ ಕೇಳಿಸುವುದೇ ಇಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಫ್ಯಾನ್ ನಿಂತಿತೋ, ನಾವಿಕರು ಉಂಡು ಮಲಗುವ ಮೆಸ್‌ಡೆಕ್ ಇಡೀ ಒಟ್ಟಿಗೆ ಎದ್ದು ಕೂರುತ್ತದೆ. ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ ಎಚ್ಚರ ಆಗುವುದು. ಅಮ್ಮನ ಪಕ್ಕ ಮಲಗಿದ ಮಗು, ಅಮ್ಮ ಎದ್ದು ಹೋದರೆ ಎಚ್ಚರ ಆಗುತ್ತದಲ್ಲ, ಹಾಗೆ.

ವಿಕ್ರಾಂತ್ 1997ರ ಜನವರಿ 31ರಂದು ಸೇವೆ ಮುಗಿಸಿತು. ನಿವೃತ್ತಿಯಾಗುವ ಹಡಗಿಗೆ ಉದ್ದನೆಯ ಬಾಲದಂಥ ಪತಾಕೆ ಏರಿಸುತ್ತಾರೆ. ಸೂರ್ಯ ಮುಳುಗುವ ಹೊತ್ತಿಗೆ ಧ್ವಜ ಕೊನೆಯ ಸಲ ಇಳಿಯುತ್ತದೆ. ಅದಾದ ಮೇಲೆ ಅದು ಬರೀ ಒಡಲು.

2001ರಿಂದ ಮುಂಬೈಯಲ್ಲಿ ಅದನ್ನು ಮ್ಯೂಸಿಯಂ ಮಾಡಿಟ್ಟಿದ್ದರು. ನನ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ. ನನ್ನ ಬಂಕ್ ಇದ್ದ ಜಾಗ ತೋರಿಸಿದೆ. "ಇಷ್ಟು ಚಿಕ್ಕದರಲ್ಲಿ ಹೇಗೆ ಮಲಗುತ್ತಿದ್ದೆ ಪಪ್ಪಾ?" ಅಂದಳು. 2012ರಲ್ಲಿ ಸುರಕ್ಷಿತವಲ್ಲ ಅಂತ ಮುಚ್ಚಿದರು. 2014ರಲ್ಲಿ 60 ಕೋಟಿಗೆ ಹರಾಜಾಯಿತು. ಉಳಿಸಿ ಅಂತ ಕೋರ್ಟಿಗೆ ಹೋದವರೂ ಇದ್ದರು, ಆಗಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಮುಂಬೈಯ ದಾರುಖಾನಾದಲ್ಲಿ ಒಡೆಯಲು ಶುರು ಮಾಡಿದರು. ನಾನು ನೋಡಲು ಹೋಗಲಿಲ್ಲ. ಹೋಗದೇ ಇದ್ದದ್ದು ಸರಿಯೋ ತಪ್ಪೋ ಅಂತ ಇಂದಿಗೂ ತೀರ್ಮಾನ ಆಗಿಲ್ಲ.

ಬೈಕ್ ಪ್ರಿಯ ಹಾಸನ
ವಿಕ್ರಾಂತ್ ಕಬ್ಬಿಣ ನನ್ನ ಮನೆಯಲ್ಲೇ ಇದೆ ಸಾರ್! 2016ರಲ್ಲಿ ಬಂದ ಬಜಾಜ್ ವಿ15 ಬೈಕಿನಲ್ಲಿ ವಿಕ್ರಾಂತ್‌ನ ಲೋಹ ಕರಗಿಸಿ ಸೇರಿಸಿದ್ದರು. ಅದಕ್ಕೋಸ್ಕರವೇ ತಗೊಂಡೆ. ಈಗಲೂ ದಿನಾ ಓಡಿಸುತ್ತೇನೆ.

ಡೆಕ್ ಮೇಲಿನ ಕೊಡವ
ಚೆನ್ನಾಗಿ ನೋಡಿಕೊಳ್ಳಿ ತಮ್ಮಾ. ಮಾರಬೇಡಿ.

ಮಲ್ನಾಡ್ ಮೆಕ್ಯಾನಿಕ್
ವಿ15ಕ್ಕೆ ಈಗ ಸ್ಪೇರ್ ಸಿಗುತ್ತಾ? ನಮ್ಮ ಗ್ಯಾರೇಜಿಗೆ ಒಂದು ಬಂದಿದೆ, ಟ್ಯಾಂಕ್ ನೆಗ್ಗಿದೆ. ಓನರ್ ಬೇರೆ ಟ್ಯಾಂಕ್ ಬೇಡವೇ ಬೇಡ, ಅದನ್ನೇ ಬಡಿದು ಸರಿ ಮಾಡಿ ಅಂತ ಹಠ ಹಿಡಿದಿದ್ದಾರೆ. ಯಾಕೆ ಅಂತ ಈಗ ಅರ್ಥ ಆಯಿತು.

ಕಡಲ ಕಿನಾರೆ ಕಾರವಾರ
ಕುಮಟಾದವರೇ, ಅಪ್ಪನನ್ನು ಕರೆದುಕೊಂಡು ನಮ್ಮ ಕಾರವಾರಕ್ಕೆ ಬನ್ನಿ. ಟಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಪಲ್ ಮ್ಯೂಸಿಯಂ ಇದೆ. 1971ರಲ್ಲಿ ಕರಾಚಿ ಬಂದರಿಗೆ ಬೆಂಕಿ ಇಟ್ಟ ಹಡಗು ಅದು. ಒಳಗೆ ಹೋಗಿ ನೋಡಬಹುದು.

ಗಂಡಭೇರುಂಡ
ಸ್ವಲ್ಪ ತಿದ್ದುತ್ತೇನೆ. ಚಪಲ್ 1971ರ ಯುದ್ಧದಲ್ಲಿ ಇರಲೇ ಇಲ್ಲ. ಅದು ನಮ್ಮ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದ ಕ್ಷಿಪಣಿ ದೋಣಿಗಳು ನಿರ್ಘಾತ್, ನಿಪಾತ್, ವೀರ್. ಚಪಲ್ ಅದೇ ರಷ್ಯನ್ ವಂಶದ ತಂಗಿ, ಆಮೇಲೆ ಬಂದದ್ದು. ಆ ಮೂರು ದೋಣಿಗಳ ಹೆಸರನ್ನು ತಪ್ಪಿ ಬೇರೆಯದಕ್ಕೆ ಕೊಡಬಾರದು.

ಕಡಲ ಕಿನಾರೆ ಕಾರವಾರ
ಹೌದಾ! ಚಿಕ್ಕಂದಿನಿಂದ ಹಾಗೇ ಕೇಳಿಕೊಂಡು ಬಂದದ್ದು, ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ. ತಿದ್ದಿದ್ದಕ್ಕೆ ಧನ್ಯವಾದ. ಆದರೂ ನೋಡುವಂಥದ್ದು. 2005ರಲ್ಲಿ ನಿವೃತ್ತಿ ಆದಮೇಲೆ ಅದು ಗುಜರಿಗೆ ಹೋಗಬಹುದಿತ್ತು, ನಮ್ಮ ಊರಿಗೆ ಬಂತು.

ಲೆಕ್ಕದ ಮೇಷ್ಟ್ರು
ನೋಡಿ, ಇದೇ ನನ್ನ ಮಾತು. ಚಪಲ್ 40 ಮೀಟರ್ ಕೂಡ ಇಲ್ಲ. ದಡಕ್ಕೆ ಎತ್ತಿ ಕಾಂಕ್ರೀಟ್ ಮೇಲೆ ಕೂರಿಸಿದರು, ಉಳಿಯಿತು. ವಿಶಾಖಪಟ್ಟಣದಲ್ಲಿ ಕುರ್ಸುರಾ ಸಬ್‌ಮರೀನನ್ನು ಹಾಗೇ ಬೀಚಿನಲ್ಲಿ ಇಟ್ಟರು, 2002ರಿಂದ ಜನ ಟಿಕೆಟ್ ಕೊಟ್ಟು ನೋಡುತ್ತಿದ್ದಾರೆ. ಚಿಕ್ಕದನ್ನು ಉಳಿಸಬಹುದು. ವಿಮಾನವಾಹಕ ಹಡಗನ್ನು ನೀರಿನಲ್ಲೇ ಇಡಬೇಕು.

ಗಂಡಭೇರುಂಡ
ಗಾತ್ರದ ಮಾತು ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಗಾತ್ರದ ಮೇಲೆ ಬಿಟ್ಟರೆ ಏನಾಗುತ್ತದೆ ನೋಡಿ. ನಮ್ಮ ರಾಜ್ಯದ ಹೆಸರು ಹೊತ್ತ ಹಡಗಿನ ಕತೆ ಎಷ್ಟು ಜನಕ್ಕೆ ಗೊತ್ತು? ಎರಡನೇ ಮಹಾಯುದ್ಧದ ಬ್ರಿಟಿಷ್ ಕ್ರೂಸರ್ ಎಚ್‌ಎಂಎಸ್ ನೈಜೀರಿಯಾ. 1942ರಲ್ಲಿ ಟಾರ್ಪಿಡೊ ತಿಂದೂ ಮುಳುಗದೆ ಬಂದರು ಸೇರಿದ ಗಟ್ಟಿ ಹಡಗು. ಅದನ್ನು ಕೊಂಡು 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಅಂತ ಸೇವೆಗೆ ಸೇರಿಸಿದರು. ಲಾಂಛನ ನಮ್ಮ ಗಂಡಭೇರುಂಡ. ಧ್ಯೇಯವಾಕ್ಯ "ನ ಬಿಭೇತಿ ಕದಾಚನ", ಎಂದಿಗೂ ಹೆದರದು ಅಂತ. 1971ರಲ್ಲಿ ಪಶ್ಚಿಮ ನೌಕಾದಳದ ಮುಖ್ಯ ಹಡಗು ಅದೇ. 1985ರ ಆಗಸ್ಟ್‌ನಲ್ಲಿ ನಿವೃತ್ತಿ, ಆಮೇಲೆ ಗುಜರಿ.

ನಮ್ಮ ದೊಡ್ಡಪ್ಪ ಅದರಲ್ಲಿ ಅಡುಗೆಯವರಾಗಿದ್ದರು. 1999ರಲ್ಲಿ ಹೊಸ ಐಎನ್‌ಎಸ್ ಮೈಸೂರು ಬಂತು, ಅದೇ ಹೆಸರು, ಅದೇ ಗಂಡಭೇರುಂಡ. ಪೇಪರಿನಲ್ಲಿ ಬಂದ ಫೋಟೋ ಕತ್ತರಿಸಿ ದೇವರ ಕೋಣೆಯಲ್ಲಿ ಅಂಟಿಸಿದರು. "ಹೆಸರು ಬದುಕಿದೆ, ಸಾಕು" ಅಂದರು. ಹಾಗಾಗಿ ನನಗೆ ಕಬ್ಬಿಣಕ್ಕಿಂತ ಹೆಸರೇ ದೊಡ್ಡದು. 2022ರಲ್ಲಿ ಕೊಚ್ಚಿಯಲ್ಲಿ ಹೊಸ ವಿಕ್ರಾಂತ್ ಬಂದಾಗಲೂ ಹಳೆಯ ಆರ್11 ಸಂಖ್ಯೆಯನ್ನೇ ಕೊಟ್ಟರಲ್ಲ.

ಡೆಕ್ ಮೇಲಿನ ಕೊಡವ
ಇಲ್ಲ, ಇದನ್ನು ಒಪ್ಪಲಾರೆ. ತೀರಿಕೊಂಡ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತೇವೆ. ಸಂತೋಷವೇ. ಹಾಗಂತ ಅಜ್ಜ ವಾಪಸ್ ಬಂದ ಅಂತ ಅಲ್ಲ. ಹೊಸ ವಿಕ್ರಾಂತ್ ನೋಡಿ ಹೆಮ್ಮೆಪಟ್ಟೆ, ಸೆಲ್ಯೂಟ್ ಮಾಡಿದೆ. ಆದರೆ ಅದರಲ್ಲಿ ನನ್ನ ಬಂಕ್ ಇಲ್ಲ.

ಭಾವನಗರದಿಂದ
ನಾನು ಹುಬ್ಬಳ್ಳಿಯವನು, ಕಬ್ಬಿಣದ ವ್ಯಾಪಾರಕ್ಕಾಗಿ ಒಂಬತ್ತು ವರ್ಷದಿಂದ ಇಲ್ಲಿದ್ದೇನೆ. ಅಲಂಗ್ ಇಲ್ಲಿಂದ ಹತ್ತಿರ. ಅಕ್ಕ ಕೇಳಿದ್ದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ.

ಅಲಂಗ್‌ನಲ್ಲಿ ಉಬ್ಬರ ಇಳಿತದ ವ್ಯತ್ಯಾಸ ತುಂಬಾ ಜಾಸ್ತಿ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರ ನೋಡಿ ಹಡಗನ್ನು ದಡಕ್ಕೆ ನುಗ್ಗಿಸುತ್ತಾರೆ. ನೀರು ಇಳಿದಮೇಲೆ ಹಡಗು ಕೆಸರಲ್ಲಿ ಕೂತಿರುತ್ತದೆ. ಮೊದಲು ಎಣ್ಣೆ, ಅಪಾಯದ ವಸ್ತು ತೆಗೆಯಬೇಕು. ಆಮೇಲೆ ಗ್ಯಾಸ್ ಕಟರ್‌ನಿಂದ ಮುಂದಿನಿಂದ ಕತ್ತರಿಸುತ್ತಾ ಹೋಗುತ್ತಾರೆ. ದೊಡ್ಡ ತುಂಡು ದಡಕ್ಕೆ ಬಿದ್ದಮೇಲೆ ಅದನ್ನು ಮತ್ತೆ ಲಾರಿಗೆ ಹಿಡಿಸುವಷ್ಟು ಚಿಕ್ಕದು ಮಾಡುತ್ತಾರೆ. ಉಕ್ಕು ರೋಲಿಂಗ್ ಮಿಲ್ಲಿಗೆ ಹೋಗಿ ಸರಳಾಗುತ್ತದೆ. ಅಲ್ಲಿಗೆ ಯಾವ ಹಡಗಿನದು ಯಾವುದು ಅನ್ನುವುದು ಅಳಿಸಿಹೋಗುತ್ತದೆ. ಹಾಗಾಗಿ ನಿಮ್ಮ ಅಪ್ಪ ಕೇಳಿದ ಪ್ರಶ್ನೆಗೆ ಲಾರಿಯವನು ಬಿಡಿ, ಮಿಲ್ಲಿನವನೂ ಉತ್ತರ ಹೇಳಲಾರ.

ಅಲಂಗ್ ರಸ್ತೆಯ ಎರಡೂ ಬದಿ ಹಡಗಿನ ಸಾಮಾನಿನ ಅಂಗಡಿಗಳಿವೆ. ಮಂಚ, ತಟ್ಟೆ, ಗಡಿಯಾರ, ದೀಪ ಎಲ್ಲ ಸಿಗುತ್ತದೆ. ವಿರಾಟ್‌ದು ಅಂತ ಹೇಳಿ ಮಾರುವವರು ಸಿಕ್ಕರೆ ಹುಷಾರು. ದಾಖಲೆ ಇಲ್ಲದೆ ನಂಬಬೇಡಿ. ಅಪ್ಪನಿಗೆ ಸುಳ್ಳು ತುಂಡು ಕೊಟ್ಟ ಹಾಗಾಗಬಾರದು.

ಇನ್ನೊಂದು ಮಾತು. ಹಳೆಯ ಉಗಿ ಹಡಗುಗಳಲ್ಲಿ ಪೈಪುಗಳಿಗೆ ಕಲ್ನಾರು ಸುತ್ತಿರುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಟ್ಟಲೆ ಕಳೆದಮೇಲೆ ಕಾಯಿಲೆ ಬರುತ್ತದೆ. ಒಡೆಯುವ ಕೆಲಸಕ್ಕೆ ಬರುವವರು ಒಡಿಶಾ, ಬಿಹಾರ, ಉತ್ತರ ಪ್ರದೇಶದ ಬಡ ಹುಡುಗರು. ಹಡಗಿಗೆ ಅಳುವಾಗ ಅವರನ್ನೂ ನೆನೆಯಿರಿ ಅಂತ ನನ್ನ ಕೋರಿಕೆ.

ಲೆಕ್ಕದ ಮೇಷ್ಟ್ರು
ಈ ಕೊನೆಯ ಮಾತಿಗೆ ನೂರು ಸಲ ಹೌದು ಎನ್ನುತ್ತೇನೆ.

ವಿರಾಟ್ 2009-2015
ಭಾವನಗರದವರೇ, ಕಲ್ನಾರಿನ ಪೈಪುಗಳ ಪಕ್ಕದಲ್ಲೇ ನಾವೂ ವರ್ಷಗಟ್ಟಲೆ ಕೆಲಸ ಮಾಡಿದವರು. ಕುಮಟಾದ ತಂಗಿ, ಅಪ್ಪನ ಎದೆಯ ಎಕ್ಸ್‌ರೇ ಒಮ್ಮೆ ಮಾಡಿಸಿ. ಬಾಯ್ಲರ್ ರೂಮಿನಲ್ಲಿದ್ದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಲಿ. ಇದು ಬಹಳ ಮುಖ್ಯ. ಉಳಿದದ್ದು ಆಮೇಲೆ ಬರೆಯುತ್ತೇನೆ, ಈಗ ಡ್ಯೂಟಿಯಲ್ಲಿದ್ದೇನೆ.

ಅರ್ಗಾದ ಮೊಮ್ಮಗ
ಬರೆಯಲೋ ಬೇಡವೋ ಅಂತ ತುಂಬಾ ಯೋಚಿಸಿದೆ. ಕಾರವಾರದ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಕುಟುಂಬ ನಮ್ಮದು. ಹಡಗುಗಳಿಗೆ ನಿಲ್ಲಲು ಜಾಗ ಬೇಕಿತ್ತು, ನಾವು ಎದ್ದೆವು. ಹಡಗು ಹೋಯಿತು ಅಂತ ಅಳುವವರನ್ನು ನೋಡಿದಾಗ ಮೊದಲು ನನಗೆ ಸಿಟ್ಟು ಬರುತ್ತಿತ್ತು. ನಮ್ಮ ಊರೇ ಹೋದಾಗ ಯಾರು ಅತ್ತರು ಅಂತ.

ಆದರೆ ಮೊದಲ ಪೋಸ್ಟ್ ಓದಿ ಅಜ್ಜಿ ನೆನಪಾದಳು. ಮನೆ ಬಿಡುವ ದಿನ ಅಜ್ಜಿ ತುಳಸಿಕಟ್ಟೆಯ ಒಂದು ಕಲ್ಲನ್ನು ಸೆರಗಲ್ಲಿ ಕಟ್ಟಿಕೊಂಡು ಬಂದಳು. ಹೊಸ ಜಾಗದಲ್ಲಿ ಕಟ್ಟೆ ಕಟ್ಟಿಸಿದ್ದು ಸಿಮೆಂಟಿನಲ್ಲಿ, ಒಳಗೆ ಆ ಒಂದು ಕಲ್ಲು ಮಾತ್ರ ಹಳೆಯದು. ಅಜ್ಜಿ ಸಾಯುವವರೆಗೂ ನೀರು ಹಾಕುವಾಗ ಆ ಕಲ್ಲಿನ ಬದಿಗೇ ಹಾಕುತ್ತಿದ್ದಳು. ನಿಮ್ಮ ಅಪ್ಪ ಸರಳು ಮುಟ್ಟಿ ನೋಡುವುದು ನನಗೆ ಅರ್ಥವಾಗುತ್ತದೆ. ತುಂಡು ಹುಡುಕಿ. ಬಿಡಬೇಡಿ.

ಕುಮಟಾದ ಮಗಳು
ಅಣ್ಣಾ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಸುಮಾರು ಹೊತ್ತು ಸುಮ್ಮನಿದ್ದರು. "ಆ ಅಜ್ಜಿಯ ಊರಿಗೆ ನಮ್ಮ ನಮಸ್ಕಾರ ಅಂತ ಬರಿ" ಅಂದರು.

ಸಿಯಾಟಲ್ ಸಾಗರದವನು
ನಾನಿರುವ ಕಡೆಗೆ ಹತ್ತಿರದ ಬ್ರೆಮರ್ಟನ್‌ನಲ್ಲಿ ಯುಎಸ್‌ಎಸ್ ಕಿಟ್ಟಿ ಹಾಕ್ ನಿಂತಿತ್ತು. 1961ರಿಂದ 2009ರವರೆಗೆ ಸೇವೆ ಮಾಡಿದ ಭಾರೀ ವಿಮಾನವಾಹಕ. ಅದನ್ನು ಎಷ್ಟಕ್ಕೆ ಮಾರಿದರು ಗೊತ್ತಾ? ಒಂದು ಸೆಂಟ್‌ಗೆ. ಒಡೆಯುವ ಖರ್ಚೇ ಅಷ್ಟು ಜಾಸ್ತಿ ಇರುತ್ತದೆ ಅಂತ. 2022ರ ಜನವರಿಯಲ್ಲಿ ಎಳೆದುಕೊಂಡು ಹೊರಟರು. ಪನಾಮಾ ಕಾಲುವೆಯಲ್ಲಿ ಹಿಡಿಸುವುದಿಲ್ಲ, ಅದಕ್ಕೆ ದಕ್ಷಿಣ ಅಮೆರಿಕವನ್ನು ಸುತ್ತಿ ಟೆಕ್ಸಸ್‌ಗೆ. ನಮ್ಮ ಬೀದಿಯ ಒಬ್ಬ ವಯಸ್ಸಾದವರು ಅದರಲ್ಲಿ ಕೆಲಸ ಮಾಡಿದ್ದವರು. ಹೊರಡುವ ದಿನ ಅವರನ್ನು ಕಾರಲ್ಲಿ ಕರೆದುಕೊಂಡು ಹೋಗಿದ್ದೆ. ಚಳಿಯಲ್ಲಿ ಟೋಪಿ ತೆಗೆದು ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಆದರೆ ಸ್ಯಾನ್ ಡಿಯಾಗೋದಲ್ಲಿ ಮಿಡ್‌ವೇ ಹಡಗು 2004ರಿಂದ ಮ್ಯೂಸಿಯಂ ಆಗಿ ನಡೆಯುತ್ತಿದೆ, ಮೇಷ್ಟ್ರೇ. ಹಳೆಯ ನಾವಿಕರೇ ಸ್ವಯಂಸೇವಕರಾಗಿ ನಿಂತು ತೋರಿಸುತ್ತಾರೆ. ಆಗುವುದೇ ಇಲ್ಲ ಅಂತಲ್ಲ.

ಲೆಕ್ಕದ ಮೇಷ್ಟ್ರು
ಒಪ್ಪಿದೆ. ಆದರೆ ನಮ್ಮಲ್ಲಿ ಎಚ್ಚರ ಆಗುವುದೇ ತಡವಾಗಿ. ವಿರಾಟ್‌ಗೂ ಒಂದು ಸಂಸ್ಥೆ 100 ಕೋಟಿ ಕೊಟ್ಟು ಮ್ಯೂಸಿಯಂ ಮಾಡುತ್ತೇವೆ ಅಂತ ಮುಂದೆ ಬಂತು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಷ್ಟರಲ್ಲಿ ಶೇಕಡಾ 40ರಷ್ಟು ಒಡೆದಾಗಿತ್ತು. ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯಿತು. ವಿರಾಟ್ ನಿವೃತ್ತಿ ಆದದ್ದು 2017ರ ಮಾರ್ಚ್ 6ಕ್ಕೆ. ಮಧ್ಯದ ನಾಲ್ಕು ವರ್ಷ ಏನು ಮಾಡುತ್ತಿದ್ದೆವು?

ಡೆಕ್ ಮೇಲಿನ ಕೊಡವ
ಈಗ ನೀವೂ ನಮ್ಮ ಕಡೆಗೆ ಬಂದಿರಿ ಮೇಷ್ಟ್ರೇ.

ನಾವಿಕನ ಮನೆಯವಳು
ಗಂಡಸರೇ ಬರೆಯುತ್ತಿದ್ದೀರಿ, ನಾನೂ ಬರೆಯುತ್ತೇನೆ. ನಮ್ಮವರು ಹದಿನೈದು ವರ್ಷ ನೇವಿಯಲ್ಲಿದ್ದರು. ನಮ್ಮ ದೊಡ್ಡವನು ಹುಟ್ಟಿದಾಗ ಕಡಲಲ್ಲಿದ್ದರು. ಅವನಿಗೆ ಅಪ್ಪ ಅಂದರೆ ಗೋಡೆಯ ಫೋಟೋ. ನನಗೆ ಆ ಹಡಗು ಅಂದರೆ ಸವತಿ. ನಿಜ ಹೇಳುತ್ತೇನೆ, ಅದು ನಿವೃತ್ತಿ ಆಯಿತು ಅಂದಾಗ ನನಗೆ ಒಳಗೊಳಗೇ ಖುಷಿ.

ಒಡೆದ ಸುದ್ದಿ ಬಂದ ದಿನ ಅವರು ಹಳೆಯ ಬಿಳಿ ಸಮವಸ್ತ್ರ ತೆಗೆದು ಇಸ್ತ್ರಿ ಮಾಡಿದರು. ಎಲ್ಲಿಗೂ ಹೋಗಲಿಕ್ಕಿಲ್ಲ, ಸುಮ್ನೆ ಇಸ್ತ್ರಿ ಮಾಡಿ ಮತ್ತೆ ಪೆಟ್ಟಿಗೆಯಲ್ಲಿಟ್ಟರು. ಆಗ ಅನಿಸಿತು, ಇವರು ನನ್ನ ಜೊತೆ ಇಲ್ಲದ ಆ ವರ್ಷಗಳೆಲ್ಲ ಎಲ್ಲಿದ್ದವು? ಆ ಹಡಗಿನೊಳಗೇ ಇದ್ದವು. ಅದು ಒಡೆದರೆ ನನ್ನ ಪಾಲಿನ ವರ್ಷಗಳೂ ಹೋದವು. ಕುಮಟಾದ ಮಗಳೇ, ನಿನ್ನ ಅಮ್ಮ "ಬಿಡಿ ಸಾಕು" ಅನ್ನುತ್ತಾಳೆ ಅಂದೆಯಲ್ಲ, ಅವಳನ್ನೂ ಒಮ್ಮೆ ಕೂರಿಸಿ ಕೇಳು.

ತದಡಿ ದೋಣಿ
ಅಕ್ಕಾ, ನಿಮ್ಮ ಮಾತು ನಮ್ಮ ಕೇರಿಯ ಹೆಂಗಸರೆಲ್ಲರ ಮಾತು.

ವಿರಾಟ್ 2009-2015
ಡ್ಯೂಟಿ ಮುಗಿಯಿತು. ನಾನು ಬಾಗಲಕೋಟೆಯವನು, ನಾನೂ ಬಾಯ್ಲರ್ ರೂಮಿನವನೇ. ತಂಗಿ, ನಿನ್ನ ಅಪ್ಪ ನನಗೆ ಸೀನಿಯರ್. ನಾನು ಹೋದಾಗ ಅವರು ಹೋಗಿ ಎಷ್ಟೋ ವರ್ಷ ಆಗಿತ್ತು, ಆದರೆ ಕೆಲಸ ಮಾಡಿದ್ದು ಅದೇ ನಾಲ್ಕು ಬಾಯ್ಲರ್‌ಗಳ ಮುಂದೆ. ಆ ಬಿಸಿ, ಆ ಎಣ್ಣೆ ವಾಸನೆ, ನಾಲ್ಕು ಗಂಟೆಯ ಪಾಳಿ ಮುಗಿಸಿ ಮೇಲೆ ಬಂದಾಗ ಮುಖಕ್ಕೆ ಹೊಡೆಯುವ ಗಾಳಿ, ಇದನ್ನು ಬೇರೆಯವರಿಗೆ ಹೇಳಿ ತಿಳಿಸಲಿಕ್ಕೆ ಆಗುವುದಿಲ್ಲ. ಬ್ರಿಟಿಷರ ಹತ್ತಿರ 1959ರಿಂದ ಹರ್ಮಿಸ್ ಎಂಬ ಹೆಸರಲ್ಲಿ ದುಡಿದು, ಫಾಕ್‌ಲ್ಯಾಂಡ್ ಯುದ್ಧ ಮಾಡಿ, 1987ರಲ್ಲಿ ನಮ್ಮಲ್ಲಿಗೆ ಬಂದು ಮತ್ತೆ ಮೂವತ್ತು ವರ್ಷ. ಆ ಯಂತ್ರಗಳು ನಮ್ಮ ಅಪ್ಪನಿಗಿಂತ ಹಿರಿಯವು. ಒಂದೊಂದು ವಾಲ್ವ್ ಹೇಗೆ ತಿರುಗಿಸಬೇಕು ಅಂತ ಪುಸ್ತಕದಲ್ಲಿ ಇರುತ್ತಿರಲಿಲ್ಲ. ನಮಗೆ ಹೇಳಿಕೊಟ್ಟವರಿಗೆ ಯಾರೋ ಹೇಳಿಕೊಟ್ಟಿದ್ದರು. ಅವರಿಗೆ ಹೇಳಿಕೊಟ್ಟವರು ನಿಮ್ಮ ಅಪ್ಪನ ಬ್ಯಾಚಿನವರೇ ಇರಬೇಕು.

ತುಂಡಿನ ವಿಷಯ. ಅಲಂಗ್‌ನಲ್ಲಿ ಹುಡುಕಬೇಡ. ಭಾವನಗರದವರು ಹೇಳಿದ್ದು ಸರಿ. ನಮ್ಮ ಹಳೆಯ ಶಿಪ್‌ಮೇಟ್‌ಗಳ ಒಂದು ವಾಟ್ಸಾಪ್ ಗುಂಪಿದೆ. ಅಪ್ಪನ ಬ್ರಾಂಚ್, ಯಾವ ವರ್ಷದಿಂದ ಯಾವ ವರ್ಷ ಅಂತ ನನಗೆ ಖಾಸಗಿ ಸಂದೇಶದಲ್ಲಿ ಕಳಿಸು. ಅವರನ್ನು ಸೇರಿಸುತ್ತೇನೆ.

ಕುಮಟಾದ ಮಗಳು
ಕಳಿಸಿದ್ದೇನೆ ಅಣ್ಣಾ. ಅಪ್ಪ ನನ್ನ ಪಕ್ಕದಲ್ಲೇ ಕನ್ನಡಕ ಹಾಕಿಕೊಂಡು ಕೂತಿದ್ದಾರೆ, ಒಂದೊಂದೇ ಸಾಲು ಓದುತ್ತಿದ್ದಾರೆ. ಎಕ್ಸ್‌ರೇಗೆ ಸೋಮವಾರ ಹೋಗುತ್ತೇವೆ. ಅಮ್ಮನೂ ಬಂದು ಕೂತಿದ್ದಾಳೆ. ಅಪ್ಪನದ್ದು ಒಂದು ಪ್ರಶ್ನೆ, ಹಾಗೇ ಬರೆಯುತ್ತೇನೆ: "ಕೆಳಗೆ ನಾವು ಚಹಾ ಕಾಸುತ್ತಿದ್ದ ಅಲ್ಯುಮಿನಿಯಂ ಕೆಟಲ್ ನಿಮ್ಮ ಕಾಲದಲ್ಲಿ ಇತ್ತಾ?"

ವಿರಾಟ್ 2009-2015
ಹಿಡಿಕೆಗೆ ತಾಮ್ರದ ತಂತಿ ಸುತ್ತಿದ್ದಾ?

ಕುಮಟಾದ ಮಗಳು
ಅಪ್ಪ ಎದ್ದು ನಿಂತುಬಿಟ್ಟರು. ತಂತಿ ಸುತ್ತಿದ್ದು ಅವರೇ ಅಂತೆ.

ವಿರಾಟ್ 2009-2015
ನಾನು ಬಿಡುವಾಗಲೂ ಅದರಲ್ಲೇ ಚಹಾ ಆಗುತ್ತಿತ್ತು. ಅದೀಗ ಯಾರ ಹತ್ತಿರ ಇದೆ ಅಂತ ನನಗೆ ಗೊತ್ತು. ಅಪ್ಪನ ಕೈಗೆ ಫೋನ್ ಕೊಡು, ಈಗಲೇ ಮಾಡುತ್ತೇನೆ.